ಹಸಿರು ಕಟ್ಟಡ ಮತ್ತು ಪ್ರಸಾದದ ಅರಿವು

(ದಾವಣಗೆರೆಯಲ್ಲಿ ನಡೆದ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ಸರ್ಕಾರಿ ಎಂಜಿನಿಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ನಾವೆಲ್ಲ ಈಗಷ್ಟೇ ಪ್ರಸಾದ ಮುಗಿಸಿ ಬಂದು ಕುಳಿತಿದ್ದೇವೆ. ನನ್ನ ಎದುರಿನ ಸಾಲಿನಲ್ಲಿ ಹಿರಿಯರೊಬ್ಬರಿದ್ದರು. ಊಟ ಮುಗಿದ ಮೇಲೆ ತಟ್ಟೆಗೆ ಸ್ವಲ್ಪ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದರು. ತಟ್ಟೆಯಲ್ಲಿ ಒಂದು ಅಗುಳೂ ಉಳಿಯಲಿಲ್ಲ. ನನ್ನ ತಾಯಿಯೂ ಹಾಗೇ ಮಾಡುತ್ತಿದ್ದರು. ನಿಮ್ಮಲ್ಲಿ ಅನೇಕರ ಮನೆಯಲ್ಲೂ ಈ ರೂಢಿ ಇತ್ತು, ಇನ್ನೂ ಇರಬಹುದು.

ಈಗ ನಾನು ಒಂದು ಪ್ರಶ್ನೆ ಕೇಳುತ್ತೇನೆ, ನನ್ನನ್ನೂ ಸೇರಿಸಿಕೊಂಡು. ಇಲ್ಲಿ ಅಗುಳು ಬಿಡದ ನಾವೇ ನಾಳೆ ಬೆಳಿಗ್ಗೆ ಕಚೇರಿಗೆ ಹೋಗಿ, ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ನೋಡಿಯೂ ನೋಡದಂತೆ ಹೋಗುತ್ತೇವಲ್ಲ, ಏಕೆ? ಕೈ ಅದೇ, ಮನಸ್ಸೂ ಅದೇ. ಕೊರಳಿನಲ್ಲಿ ಇಷ್ಟಲಿಂಗವೂ ಅದೇ. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಕಟ್ಟಡಗಳ ಕೆಲಸ ಮಾಡಿದವನಾಗಿ ನನಗೆ ಈ ಪ್ರಶ್ನೆ ಬಹಳ ತಡವಾಗಿ ಹೊಳೆಯಿತು. ಹೊಳೆದ ಬಗೆಯನ್ನೇ ಇಂದು ಹೇಳುತ್ತೇನೆ.

ನಾನು ಮೊದಲು ಹರಿಹರದಲ್ಲಿ, ತುಂಗಭದ್ರೆಗೆ ಹತ್ತಿರದ ಒಂದು ಹಳೆಯ ಕಚೇರಿಯಲ್ಲಿದ್ದೆ. ಎತ್ತರದ ಸೂರು, ದಪ್ಪ ಗೋಡೆ, ಮುಂದೆ ಜಗಲಿ, ಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿಗಳು. ಕಿಟಕಿ ತೆರೆದರೆ ಹೊಳೆ ಕಡೆಯ ಗಾಳಿ. ಪ್ರತಿ ಮೇಜಿಗೂ ಒಂದು ದೀಪ, ಪಕ್ಕದಲ್ಲೇ ಅದರ ಸ್ವಿಚ್ಚು. ಅದನ್ನು ಯಾರೂ ಹಸಿರು ಕಟ್ಟಡ ಎಂದು ಕರೆಯುತ್ತಿರಲಿಲ್ಲ.

ಅಲ್ಲಿಂದ ದಾವಣಗೆರೆಗೆ ವರ್ಗವಾಗಿ ಬಂದೆ. ಕೆಲವು ವರ್ಷಗಳಲ್ಲಿ ನಮ್ಮ ಕಚೇರಿಗೆ ಹೊಸ ಕಟ್ಟಡ ಬಂತು. ಯಾವ ಕಚೇರಿ ಎಂಬುದು ಬೇಡ. ತಪ್ಪು ಕಚೇರಿಯದಲ್ಲ, ನನ್ನದು. ಮಾಳಿಗೆಯ ಮೇಲೆ ಸೌರಫಲಕ, ಮಳೆನೀರಿಗೆ ಇಂಗುಗುಂಡಿ, ಒಳಗೆಲ್ಲ ಎಲ್.ಇ.ಡಿ. ದೀಪ, ಮುಂದೆ ಹೊಳೆಯುವ ಗಾಜು. ಬಾಗಿಲ ಬಳಿ ಇದು ಪರಿಸರಸ್ನೇಹಿ ಕಟ್ಟಡ ಎಂದು ಫಲಕವನ್ನೂ ಹಾಕಿದೆವು. ಒಳಗಿನ ವಿದ್ಯುತ್ ಜೋಡಣೆಯ ನಕ್ಷೆಗೆ ಸಹಿ ನನ್ನದು.

ಮೊದಲ ಬೇಸಿಗೆಯಲ್ಲೇ ವಿದ್ಯುತ್ ಬಿಲ್ಲು ಹಳೆಯ ಕಟ್ಟಡದ ಬಿಲ್ಲಿಗಿಂತ ಹೆಚ್ಚು ಬಂತು.

ನನಗೆ ಅವಮಾನವಾದಂತಾಯಿತು. ಕಟ್ಟಡ ಸರಿಯಿದೆ, ಜನ ಸರಿಯಿಲ್ಲ ಎಂದು ತೀರ್ಮಾನ ಮಾಡಿದೆ. ಒಂದು ಸಂಜೆ ಆರು ಗಂಟೆಗೆ ದೊಡ್ಡ ಹಾಲಿಗೆ ಹೋದರೆ ಮೂಲೆಯಲ್ಲಿ ಒಬ್ಬರೇ ಗುಮಾಸ್ತರು ಕಡತ ನೋಡುತ್ತಿದ್ದಾರೆ, ಹಾಲಿನ ಹನ್ನೆರಡೂ ದೀಪ ಉರಿಯುತ್ತಿವೆ. ಬಾಗಿಲಲ್ಲಿ ನಿಂತಿದ್ದ ಅಟೆಂಡರನ್ನು ಕರೆದು, ಇನ್ನೂ ಮನೆಗೆ ಹೋಗದಿದ್ದ ನಾಲ್ಕಾರು ಜನರ ಎದುರಿಗೇ, "ಇದೇನು ನಿಮ್ಮಪ್ಪನ ಮನೆ ಕರೆಂಟಾ?" ಎಂದು ಬೈದೆ. ಅವರು ನನಗಿಂತ ಹಿರಿಯರು. ತಲೆ ತಗ್ಗಿಸಿ ನಿಂತರು, ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಕಸ ಗುಡಿಸುವ ತಾಯಿ ನನ್ನ ಕೋಣೆಗೆ ಬಂದರು. "ಸಾಹೇಬ್ರೆ, ಆ ಸ್ವಿಚ್ ಒತ್ತಿದ್ರೆ ಎಲ್ಲಾ ಒಮ್ಮೆಗೇ ಹತ್ತುತಾವ್ರಿ. ಒಂದೇ ಹತ್ತಂಗಿಲ್ಲ. ಒಬ್ರು ಕುಂತು ಬರೀಬೇಕಂದ್ರೂ ಎಲ್ಲಾ ಹಚ್ಚಬೇಕು" ಎಂದರು. ಅಷ್ಟು ಹೇಳಿ ಪೊರಕೆ ತೆಗೆದುಕೊಂಡು ಹೋದರು.

ನಾನು ನಕ್ಷೆ ತೆಗೆಸಿ ನೋಡಿದೆ. ಹನ್ನೆರಡು ದೀಪಕ್ಕೆ ಒಂದೇ ಸ್ವಿಚ್ಚು. ತಂತಿ ಉಳಿಸಲು ಹಾಗೆ ಮಾಡಿದ್ದೆವು. ಇನ್ನೊಂದು ಕೋಣೆಯ ಸ್ವಿಚ್ಚು ಬೀರುವಿನ ಹಿಂದೆ ಸೇರಿಹೋಗಿತ್ತು. ಪಶ್ಚಿಮದ ಕಡೆ ದೊಡ್ಡ ಗಾಜು ಹಾಕಿದ್ದೆವು, ಅದು ತೆರೆಯುವ ಗಾಜಲ್ಲ. ದಾವಣಗೆರೆಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತಿದೆ. ಬಿಸಿಲು ತಡೆಯಲು ಪರದೆ ಎಳೆದರು. ಪರದೆ ಎಳೆದದ್ದಕ್ಕೆ ಕತ್ತಲಾಯಿತು. ಕತ್ತಲಿಗೆ ಹಗಲಲ್ಲೇ ದೀಪ ಹಚ್ಚಿದರು. ಗಾಜಿನ ಕಾವಿಗೆ ಎ.ಸಿ. ಹಾಕಿದರು. ಇದರಲ್ಲಿ ಸಿಬ್ಬಂದಿಯ ತಪ್ಪು ಎಲ್ಲಿದೆ?

ಇನ್ನು ನನ್ನ ಕೋಣೆ. ಅಲ್ಲಿ ಎ.ಸಿ. 18 ಡಿಗ್ರಿಯಲ್ಲಿರುತ್ತಿತ್ತು. ಚಳಿಯೆಂದು ನಾನು ಹೆಗಲಿಗೆ ಶಾಲು ಹೊದ್ದು ಕೂರುತ್ತಿದ್ದೆ. ಸ್ಥಳ ಪರಿಶೀಲನೆಗೆ ಹೊರಗೆ ಹೋದರೂ ಸಾಹೇಬರು ಯಾವಾಗ ಬರುವರೋ ಎಂದು ಅದನ್ನು ಆರಿಸುತ್ತಿರಲಿಲ್ಲ. ಬೈಸಿಕೊಂಡವರು ಅಟೆಂಡರು. ಶಾಲು ಹೊದ್ದವನು ನಾನು.

ಶರಣ ಬಂಧುಗಳೇ, ಕಟ್ಟಡ ತಾನಾಗಿಯೇ ಹಸಿರಾಗುವುದಿಲ್ಲ ಎಂಬುದನ್ನು ಬೇರೆ ಕಡೆಯವರು ಬಹಳ ಹಿಂದೆಯೇ ಅಳೆದು ನೋಡಿದ್ದಾರೆ. 1970ರ ದಶಕದಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ನ್ಯೂಜೆರ್ಸಿಯ ಟ್ವಿನ್ ರಿವರ್ಸ್ ಎಂಬಲ್ಲಿ ಒಂದೇ ನಕ್ಷೆಯ, ಒಂದೇ ಬಗೆಯ ಗೋಡೆ ಕಿಟಕಿಗಳ ಸಾಲುಮನೆಗಳನ್ನು ಅಭ್ಯಾಸ ಮಾಡಿದರು. ಒಂದು ಮನೆಗೂ ಇನ್ನೊಂದು ಮನೆಗೂ ಇಂಧನದ ಖರ್ಚಿನಲ್ಲಿ ಎರಡು ಪಟ್ಟಿನವರೆಗೆ ವ್ಯತ್ಯಾಸ ಕಂಡಿತು. ಮನೆಯಲ್ಲಿದ್ದವರು ಖಾಲಿ ಮಾಡಿ ಬೇರೆಯವರು ಬಂದಾಗ ಅದೇ ಮನೆಯ ಖರ್ಚೂ ಬದಲಾಯಿತು. ವ್ಯತ್ಯಾಸ ಇದ್ದದ್ದು ಗೋಡೆಯಲ್ಲಿ ಅಲ್ಲ, ವಾಸಿಸುವವರಲ್ಲಿ.

ಹಾಗೆಂದು ಎಲ್ಲವನ್ನೂ ಜನರ ತಲೆಗೆ ಕಟ್ಟುವಂತಿಲ್ಲ. ಬೆಂಗಳೂರಿನ ದೊಮ್ಮಲೂರಿನಲ್ಲಿ ಟೆರಿ ಸಂಸ್ಥೆಯ ಕಟ್ಟಡವಿದೆ. ನಮ್ಮ ನಾಡಿನ ಒಳ್ಳೆಯ ಹಸಿರು ಕಚೇರಿಗಳಲ್ಲಿ ಅದೂ ಒಂದು. ನಿವೇಶನದ ದಕ್ಷಿಣಕ್ಕೆ ಕೊಳಚೆ ಮೋರಿ. ಗಾಳಿ ಬೀಸುವುದೂ ಆ ಕಡೆಯಿಂದಲೇ. ವಾಸ್ತುಶಿಲ್ಪಿಗಳು ಆ ದಿಕ್ಕಿಗೆ ಬೆನ್ನು ತಿರುಗಿಸಿ ಕಟ್ಟಿದರು. ದಕ್ಷಿಣದ ಗೋಡೆಗೆ ಕಪ್ಪು ಕಲ್ಲು ಹೊದಿಸಿದರು. ಬಿಸಿಲಿಗೆ ಆ ಕಲ್ಲು ಕಾದಾಗ ಅದರ ಹಿಂದಿನ ಪೊಳ್ಳಿನಲ್ಲಿರುವ ಗಾಳಿ ಬಿಸಿಯಾಗಿ ಮೇಲೇರುತ್ತದೆ. ಉತ್ತರದಿಂದ ತಂಪು ಗಾಳಿ ಒಳಗೆ ಬರುತ್ತದೆ. ನೈಸರ್ಗಿಕ ಬೆಳಕು ಮೇಜಿನವರೆಗೆ ಬೀಳುತ್ತದೆ. ಅಲ್ಲಿ ಕುಳಿತವರಿಗೆ ಸರಿಯಾದದ್ದನ್ನು ಮಾಡುವುದು ಸುಲಭ, ಏಕೆಂದರೆ ಕಟ್ಟಿದವರು ಮೊದಲು ತಮ್ಮ ಕಾಯಕ ಸರಿಯಾಗಿ ಮಾಡಿದ್ದರು. ನಮ್ಮ ಹರಿಹರದ ಹಳೆಯ ಕಚೇರಿಯಲ್ಲಿದ್ದದ್ದೂ ಇದೇ ಗುಣ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ದಾಸೋಹದಲ್ಲಿ ನಾವು ಏಕೆ ಅಗುಳು ಬಿಡುವುದಿಲ್ಲ? ನನಗೆ ಮೂರು ಕಾರಣ ಕಾಣುತ್ತವೆ.

ಮೊದಲನೆಯದು, ಪ್ರಸಾದಕ್ಕೆ ಕೊಟ್ಟವರಿದ್ದಾರೆ ಎಂಬ ಅರಿವು. ಬೆಳೆದ ರೈತ, ಕೊಟ್ಟ ಭಕ್ತ, ಅಟ್ಟವರು, ಬಡಿಸಿದವರು ಎಲ್ಲರೂ ಕಣ್ಣ ಮುಂದಿದ್ದಾರೆ. ಕಚೇರಿಯ ಕರೆಂಟಿಗೆ ಕೊಟ್ಟವರೇ ಇಲ್ಲವೆಂದು ನಮಗೆ ಅನ್ನಿಸುತ್ತದೆ. ಸ್ವಿಚ್ಚು ಒತ್ತುವವರು ಒಬ್ಬರು, ಬಿಲ್ಲು ಕಟ್ಟುವವರು ಇನ್ನೊಬ್ಬರು. ಆ ಇನ್ನೊಬ್ಬರು ಸರ್ಕಾರ, ಅಂದರೆ ಯಾರೂ ಅಲ್ಲ. ನಿಜವಾಗಿ ಕೊಟ್ಟವರು ಬಹಳ ಮಂದಿ ಇದ್ದಾರೆ. ಶರಾವತಿಯ ವಿದ್ಯುತ್ತಿಗಾಗಿ ಲಿಂಗನಮಕ್ಕಿಯ ನೀರಿನಲ್ಲಿ ಮನೆ ಹೊಲ ಕಳೆದುಕೊಂಡ ಕುಟುಂಬಗಳು ಮಲೆನಾಡಿನಲ್ಲಿ ಇವತ್ತಿಗೂ ಇವೆ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟ ಬೂದಿಯ ಪಕ್ಕ ಬದುಕುವವರಿದ್ದಾರೆ.

ನೀರನ್ನೂ ನೋಡಿ. ದಾವಣಗೆರೆಗೆ ಕುಡಿಯುವ ನೀರಿನ ಒಂದು ಪಾಲು ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿ ತಂದದ್ದು, ಇನ್ನೊಂದು ಪಾಲು ಭದ್ರಾ ನಾಲೆಯದು. ಹೊಳೆಯಿಂದ ಊರು ಎತ್ತರದಲ್ಲಿದೆ. ಸಾವಿರ ಲೀಟರ್ ನೀರನ್ನು ನೂರು ಮೀಟರ್ ಮೇಲೆತ್ತಲು ಕಾಲು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ವಿದ್ಯುತ್ ಬೇಕು. ಪಂಪಿನ ನಷ್ಟ ಸೇರಿದರೆ ಇನ್ನಷ್ಟು. ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ ಸುಮಾರು 20 ಲೀಟರ್ ಹೋಗುತ್ತದೆ. 2023ರ ಬರದಲ್ಲಿ ಭದ್ರಾ ನಾಲೆಯ ನೀರಿಗಾಗಿ ನಮ್ಮ ರೈತರು ಬೀದಿಗೆ ಇಳಿದದ್ದನ್ನು ನೀವೇ ಕಂಡಿದ್ದೀರಿ. ಕಚೇರಿಯ ಶೌಚಾಲಯದಲ್ಲಿ ಸೋರಿದ್ದು ಅದೇ ನೀರು.

ಎರಡನೆಯದು, ದಾಸೋಹದಲ್ಲಿ ಬೇಕಾದಷ್ಟೇ ಬಡಿಸುತ್ತಾರೆ. ಬೇಕೆಂದರೆ ಮತ್ತೆ ಬರುತ್ತಾರೆ. ಒಮ್ಮೆಗೇ ಹನ್ನೆರಡು ಜನರ ಊಟವನ್ನು ಒಬ್ಬರ ತಟ್ಟೆಗೆ ಸುರಿದು, ಏಕೆ ಬಿಟ್ಟೆ ಎಂದು ಬೈಯುವುದಿಲ್ಲ. ನನ್ನ ಹನ್ನೆರಡು ದೀಪದ ಸ್ವಿಚ್ಚು ಮಾಡಿದ್ದು ಅದನ್ನೇ.

ಮೂರನೆಯದು, ಸಾಲಿನಲ್ಲಿ ಎಲ್ಲರೂ ಎಲ್ಲರನ್ನೂ ನೋಡುತ್ತಾರೆ. ಪಕ್ಕದವರ ತಟ್ಟೆ ಸ್ವಚ್ಛವಾಗಿದ್ದರೆ ನಮ್ಮ ಕೈ ತಾನಾಗಿ ತಟ್ಟೆ ಬಳಿಯುತ್ತದೆ. ಸ್ವಾಮೀಜಿಯವರೂ ಅದೇ ಸಾಲಿನಲ್ಲಿ ಕುಳಿತರೆ ಹೇಳುವುದೇ ಬೇಡ. ಇದನ್ನು ಅಮೆರಿಕದ ಒಂದು ಹೋಟೆಲಿನಲ್ಲಿ ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದರು. ಕೋಣೆಯಲ್ಲಿ ಟವೆಲನ್ನು ಎರಡನೇ ದಿನವೂ ಬಳಸಿ, ಪರಿಸರ ಉಳಿಸಿ ಎಂದು ಚೀಟಿ ಇಟ್ಟಾಗ ನೂರಕ್ಕೆ 35 ಮಂದಿ ಒಪ್ಪಿದರು. ಇಲ್ಲಿ ಉಳಿದುಕೊಂಡ ಹೆಚ್ಚಿನವರು ಹಾಗೆ ಮಾಡಿದ್ದಾರೆ, ನೀವೂ ಮಾಡಿ ಎಂದು ಬರೆದಾಗ ನೂರಕ್ಕೆ 44 ಮಂದಿ ಒಪ್ಪಿದರು. ಉಪದೇಶಕ್ಕಿಂತ ಪಂಕ್ತಿಗೆ ಬಲ ಹೆಚ್ಚು.

ಜಪಾನಿನ ಸರ್ಕಾರ 2005ರಲ್ಲಿ ಇದನ್ನು ಇನ್ನೊಂದು ರೀತಿ ಮಾಡಿತು. ಬೇಸಿಗೆಯಲ್ಲಿ ಕಚೇರಿಯ ಎ.ಸಿ. 28 ಡಿಗ್ರಿಯಲ್ಲಿರಲಿ ಎಂದಿತು. ಆದರೆ ಕೋಟು ಟೈ ಹಾಕಿಕೊಂಡು 28 ಡಿಗ್ರಿಯಲ್ಲಿ ಕೂರಲಾಗದು. ಆದ್ದರಿಂದ ಪ್ರಧಾನಿ ಕೊಯಿಜುಮಿಯವರೇ ಮೊದಲು ಕೋಟು ಟೈ ಬಿಟ್ಟು ಜನರ ಎದುರಿಗೆ ಬಂದರು. ಮೇಲಿನವರು ಬಿಟ್ಟರು, ಕೆಳಗಿನವರಿಗೆ ಬಿಡಲು ಧೈರ್ಯ ಬಂತು. ನಮ್ಮಲ್ಲೂ 2020ರ ಜನವರಿಯಿಂದ ಸ್ಟಾರ್ ಗುರುತಿನ ಎ.ಸಿ.ಗಳು ಚಾಲೂ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕು ಎಂಬ ನಿಯಮ ಬಂದಿದೆ. ಒಂದು ಡಿಗ್ರಿ ಏರಿಸಿದರೆ ನೂರಕ್ಕೆ ಸುಮಾರು 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತೆ ಬ್ಯೂರೋದ ಲೆಕ್ಕ. ಆದರೆ ರಿಮೋಟು ಹಿಡಿದ ಸಾಹೇಬರ ಕೈ 18ಕ್ಕೆ ಇಳಿದರೆ ಯಾವ ನಿಯಮ ಏನು ಮಾಡೀತು?

ಶರಣರು ಇದನ್ನು ಬದುಕಿ ತೋರಿಸಿದವರು. ಬಸವಣ್ಣನವರು ಬಿಜ್ಜಳನ ಭಂಡಾರದ ಅಧಿಕಾರಿ. ಇಂದಿನ ಮಾತಿನಲ್ಲಿ ಸರ್ಕಾರಿ ನೌಕರರು. ಭಂಡಾರದ ಹಣ ದುರುಪಯೋಗವಾಗಿದೆ ಎಂದು ದೂರು ಬಂದಾಗ ಲೆಕ್ಕ ಒಪ್ಪಿಸಿ ತೋರಿಸಿದರೆಂದು ನಮ್ಮ ಪರಂಪರೆ ಹೇಳುತ್ತದೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆ ಗೊತ್ತು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದರು. ಲಕ್ಕಮ್ಮ ತಾಯಿ ಮಡಿಲು ನೋಡಿ, ಅಂದಿನ ಅಗತ್ಯಕ್ಕಿಂತ ಹೆಚ್ಚಿದ್ದದ್ದನ್ನು ಅಲ್ಲೇ ಹಾಕಿ ಬರಲು ಕಳಿಸಿದರು. ಆ ಅಕ್ಕಿ ಕಳ್ಳತನದ್ದಲ್ಲ, ನೆಲಕ್ಕೆ ಬಿದ್ದದ್ದು. ಯಾರೂ ಕೇಳುತ್ತಿರಲಿಲ್ಲ. ಆದರೂ ಹೆಚ್ಚು ಬೇಡ ಎಂದರು. ಯಾರೂ ಕೇಳದ ಕರೆಂಟಿನ ಮುಂದೆ ನಿಂತಾಗ ನನಗೆ ಈಗ ಲಕ್ಕಮ್ಮ ನೆನಪಾಗುತ್ತಾರೆ. ಶಿರಾಳಕೊಪ್ಪದ ಹತ್ತಿರದ ಜಂಬೂರಿನ ಸತ್ಯಕ್ಕನವರ ಕಾಯಕ ಅಂಗಳ ಗುಡಿಸುವುದು. ನನಗೆ ಸತ್ಯ ಹೇಳಿದವರೂ ಪೊರಕೆ ಹಿಡಿದ ತಾಯಿಯೇ.

ಹಾಗಾದರೆ ಮಾಡುವುದೇನು? ನಮ್ಮ ಕಚೇರಿಯಲ್ಲಿ ಆಮೇಲೆ ಮಾಡಿದ್ದನ್ನು ಹೇಳುತ್ತೇನೆ. ದೊಡ್ಡ ಖರ್ಚಿನದು ಯಾವುದೂ ಇಲ್ಲ.

ಎರಡು ರಜಾದಿನ ಕೂತು ಸ್ವಿಚ್ಚುಗಳನ್ನು ಬೇರ್ಪಡಿಸಿದೆವು. ಕಿಟಕಿ ಪಕ್ಕದ ದೀಪಗಳಿಗೆ ಬೇರೆ, ಒಳಗಿನ ದೀಪಗಳಿಗೆ ಬೇರೆ. ಯಾವ ಸ್ವಿಚ್ಚು ಯಾವ ದೀಪದ್ದೆಂದು ಕನ್ನಡದಲ್ಲಿ ಚೀಟಿ ಅಂಟಿಸಿದೆವು. ಬೀರು ಸರಿಸಿದೆವು. ಪಶ್ಚಿಮದ ಗಾಜಿನಲ್ಲಿ ಕೆಲವನ್ನು ತೆಗೆದು ತೆರೆಯುವ ಕಿಟಕಿ ಕೂರಿಸಿದೆವು, ಹೊರಗೆ ನೆರಳಿನ ತಡಿಕೆ ಕಟ್ಟಿದೆವು.

ಮೀಟರನ್ನು ದಿನವೂ ಓದಿ, ನಿನ್ನೆ ಎಷ್ಟು ಯೂನಿಟ್ ಎಂಬುದನ್ನು ಹಾಜರಿ ಪುಸ್ತಕದ ಪಕ್ಕದ ಕಪ್ಪು ಹಲಗೆಯ ಮೇಲೆ ಬರೆಯತೊಡಗಿದೆವು. ಯಾರ ಹೆಸರೂ ಇಲ್ಲ, ದಂಡವೂ ಇಲ್ಲ, ಸಂಖ್ಯೆ ಮಾತ್ರ. ಒಂದು ದಿನ ಏರಿದರೆ ಅವರವರೇ ಕಾರಣ ಹುಡುಕುತ್ತಿದ್ದರು. ರಾತ್ರಿಯಿಡೀ ಉಳಿದುಹೋಗುವ ಕಂಪ್ಯೂಟರುಗಳು ಹೀಗೇ ಸಿಕ್ಕಿಬಿದ್ದವು. ಒಂದು ಯಂತ್ರ ಪರದೆ ಸೇರಿ 80 ವ್ಯಾಟ್ ಎಂದು ಹಿಡಿಯಿರಿ. ಸಂಜೆ ಆರರಿಂದ ಬೆಳಿಗ್ಗೆ ಹತ್ತರವರೆಗೆ 16 ಗಂಟೆಗೆ ಒಂದೂಕಾಲು ಯೂನಿಟ್ ಆಯಿತು. ನಲವತ್ತು ಯಂತ್ರಗಳಿಗೆ 50 ಯೂನಿಟ್. ಯಾರಿಗೂ ಉಪಯೋಗವಿಲ್ಲದ 50 ಯೂನಿಟ್, ಒಂದೇ ರಾತ್ರಿಗೆ.

ಕೊನೆಗೆ ಹೊರಡುವವರು ದೀಪ, ಫ್ಯಾನು, ನಲ್ಲಿ ನೋಡಿ ಹೋಗುವ ಕೆಲಸವನ್ನು ಸರದಿ ಮಾಡಿದೆವು. ಸರದಿಯಲ್ಲಿ ನನ್ನ ಹೆಸರೂ ಇತ್ತು. ಇದು ಮುಖ್ಯ. ಈ ಕೆಲಸವನ್ನು ಗ್ರೂಪ್ ಡಿ ನೌಕರರಿಗೆ ಮಾತ್ರ ಕಟ್ಟಿದರೆ ಅದು ಹಳೆಯ ಮೇಲುಕೀಳೇ ಆಗುತ್ತದೆ. ಶರಣರು ಯಾವುದನ್ನು ಬಿಡಿಸಲು ಹೊರಟರೋ ಅದನ್ನೇ ನಾವು ಪರಿಸರದ ಹೆಸರಿನಲ್ಲಿ ಮತ್ತೆ ಕಟ್ಟಿದಂತೆ. ನನ್ನ ಎ.ಸಿ. 26ಕ್ಕೆ ಬಂತು, ಶಾಲು ಮನೆಗೆ ಹೋಯಿತು. ಸೌರಫಲಕ ಒಂದನ್ನೂ ಹೆಚ್ಚಿಸದೆ ಮುಂದಿನ ಬೇಸಿಗೆಯಲ್ಲಿ ಬಿಲ್ಲು ಇಳಿಯಿತು.

ಇನ್ನು ನಮ್ಮ ಮನೆಯ ಮಾತು. ಮಠದ ಎದುರಿಗೆ ನಿಂತು ಹೇಳುತ್ತಿದ್ದೇನೆ, ಪೂಜ್ಯರು ಕ್ಷಮಿಸಬೇಕು. ನಮ್ಮ ಸಮುದಾಯ ಭವನಗಳು, ವಿದ್ಯಾರ್ಥಿನಿಲಯಗಳು, ಶಿಕ್ಷಣ ಸಂಸ್ಥೆಗಳ ಕಚೇರಿಗಳು ಸರ್ಕಾರಿ ಕಚೇರಿಗಿಂತ ಭಿನ್ನವಾಗಿಲ್ಲ. ದಾಸೋಹದಲ್ಲಿ ಅಗುಳು ಬಿಡುವುದಿಲ್ಲ. ಆದರೆ ಅದೇ ಆವರಣದ ತೊಟ್ಟಿ ತುಂಬಿ ಹರಿಯುತ್ತಿರುತ್ತದೆ. ಸಮಾರಂಭ ಮುಗಿದು ಎರಡು ತಾಸಾದರೂ ಖಾಲಿ ಕುರ್ಚಿಗಳಿಗೆ ಫ್ಯಾನು ಗಾಳಿ ಬೀಸುತ್ತಿರುತ್ತದೆ. ಮಠಗಳು ಹೊಸ ಕಟ್ಟಡ ಕಟ್ಟುವಾಗ ನಕ್ಷೆ ಮಾಡುವವರ ಜೊತೆಗೆ ಅಲ್ಲಿ ಕಸ ಗುಡಿಸುವವರನ್ನೂ, ಅಡುಗೆಯವರನ್ನೂ, ಗುಮಾಸ್ತರನ್ನೂ ಕೂರಿಸಿ ಕೇಳಬೇಕು ಎಂದು ವಿನಂತಿಸುತ್ತೇನೆ. ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರೂ ಕುಳಿತು ಮಾತಾಡಿದರೆಂದು ನಾವು ಹೆಮ್ಮೆಪಡುತ್ತೇವೆ. ಒಂದು ಸ್ವಿಚ್ಚು ಎಲ್ಲಿರಬೇಕು ಎಂಬುದಕ್ಕಾದರೂ ಆ ಪದ್ಧತಿ ಉಪಯೋಗಕ್ಕೆ ಬರಲಿ. ಮತ್ತು ಪ್ರತಿ ಮಠದ ದಾಸೋಹದ ಬಾಗಿಲಲ್ಲಿ ಒಂದು ಕಪ್ಪು ಹಲಗೆ ಇರಲಿ. ನಿನ್ನೆ ಎಷ್ಟು ಯೂನಿಟ್, ಎಷ್ಟು ನೀರು ಎಂದು ಬರೆದಿರಲಿ. ಭಂಡಾರದ ಲೆಕ್ಕ ಒಪ್ಪಿಸಿದವರ ಮಕ್ಕಳು ನಾವು; ಲೆಕ್ಕ ತೋರಿಸಲು ಹಿಂಜರಿಯಬಾರದು.

ಮುಗಿಸುವ ಮೊದಲು ಒಂದು ಮಾತು ಉಳಿದಿದೆ. ಸ್ವಿಚ್ಚು ಸರಿಮಾಡಿದೆ, ಕಿಟಕಿ ಸರಿಮಾಡಿದೆ. ನಾನು ಬೈದ ಆ ಅಟೆಂಡರಿಗೆ ಮಾತ್ರ ಏನೂ ಹೇಳಲಿಲ್ಲ. ಅವರು ನಿವೃತ್ತರಾದರು, ನನಗೆ ವರ್ಗವಾಯಿತು. ಈ ಉಪನ್ಯಾಸ ತಯಾರು ಮಾಡುವಾಗ, ಎಲ್ಲರ ಎದುರು ಈ ಕಥೆ ಹೇಳುವ ಮೊದಲು ಅವರನ್ನು ಕಾಣಬೇಕು ಎನ್ನಿಸಿತು. ಕಳೆದ ವಾರ ಹರಿಹರಕ್ಕೆ ಹೋದೆ. ಹೊಳೆಗೆ ಹತ್ತಿರದಲ್ಲೇ ಮಗನ ಮನೆಯಲ್ಲಿದ್ದಾರೆ. ತಪ್ಪು ನನ್ನ ನಕ್ಷೆಯದಾಗಿತ್ತು, ನಿಮ್ಮನ್ನು ಬೈದೆ, ಕ್ಷಮಿಸಿ ಎಂದೆ. "ಅದೆಲ್ಲ ಈಗ್ಯಾಕ್ರಿ" ಎಂದು ಚಹಾ ತರಿಸಿದರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಹೇಳಿದರು: "ಅದಕ್ಕೂ ಮುಂಚೆ ನಾನು ಎಲ್ಲಾ ರೂಮಿಗೂ ಹೋಗಿ ಫ್ಯಾನು ಆರ್ಸಿ ಬರ್ತಿದ್ದೆ ಸಾಹೇಬ್ರೆ, ಯಾರೂ ಹೇಳಿರ್ಲಿಲ್ಲ. ನೀವು ಬೈದ ಮ್ಯಾಲೆ ಆರ್ಸಾಕ ಮನಸ್ಸು ಬರ್ಲಿಲ್ಲ."

ಆ ಕಟ್ಟಡದಲ್ಲಿ ಯಾರೂ ಹೇಳದೆಯೇ ಹಸಿರಾಗಿದ್ದವರು ಅವರೊಬ್ಬರು. ಸೌರಫಲಕಕ್ಕೂ ಮೊದಲೇ ಇದ್ದದ್ದು ಅದು. ಅದನ್ನು ನಾನು ಒಂದೇ ಮಾತಿನಲ್ಲಿ ಆರಿಸಿಬಿಟ್ಟೆ, ಮೂರು ವರ್ಷ ನನಗೆ ಅದು ಗೊತ್ತೂ ಆಗಲಿಲ್ಲ. ನಿಮ್ಮ ನಿಮ್ಮ ಕಚೇರಿಯಲ್ಲಿ, ಶಾಲೆಯಲ್ಲಿ, ಮಠದಲ್ಲಿ ಹೀಗೆ ಸದ್ದಿಲ್ಲದೆ ದೀಪ ಆರಿಸುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ನಾಳೆ ಹೋದಾಗ ಅವರು ಯಾರೆಂದು ಗುರುತಿಸಿ, ಅವರ ಜೊತೆ ನೀವೂ ಒಂದು ಸ್ವಿಚ್ಚು ಆರಿಸಿ ಬನ್ನಿ. ಇಷ್ಟೇ ನನ್ನ ಪ್ರಾರ್ಥನೆ.